ಮರ್ಜ್ ಸಾರ್ಟ್: ಎಂಟು ಅಡಿಕೆ ಚೀಟಿ ಹಿಡಿದು ಕಲಿಯೋಣ

ಪ್ಲಸ್ ಟುವಿನಲ್ಲಿ ಕಂಪ್ಯೂಟರ್ ಸಯನ್ಸ್ ತೆಗೆದುಕೊಂಡವರು, ಬಿಸಿಎ ಓದುವವರು, ಕಾಸರಗೋಡು ಕಡೆಯ ಮಕ್ಕಳು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮರ್ಜ್ ಸಾರ್ಟ್ ಓದುವಾಗ ಅರ್ಥ ಆದ ಹಾಗೆ ಇರ್ತದೆ. ಬರೆಯಲಿಕ್ಕೆ ಕೂತರೆ ಕೈ ಓಡುವುದಿಲ್ಲ." ಇದರಲ್ಲಿ ಅವರ ತಪ್ಪೇನೂ ಇಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಆಮೇಲೆ ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನ ವಿವರಣೆ ಮಲಯಾಳದಲ್ಲಿ. ಈ ಮೂರರ ನಡುವೆ ರಿಕರ್ಶನ್, ಅಂದರೆ ಫಂಕ್ಷನ್ ತನ್ನನ್ನೇ ಕರೆಯುವ ಉಪಾಯ, ಎಲ್ಲೋ ಜಾರಿ ಬಿದ್ದುಹೋಗುತ್ತದೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ, ಒಮ್ಮೆ ಪೂರ್ತಿ ಬರೆದೇ ಇಡುತ್ತೇನೆ.

ಮರ್ಜ್ ಸಾರ್ಟ್ ಅಂದರೆ ಪಟ್ಟಿಯನ್ನು ಅರ್ಧ ಅರ್ಧ ಒಡೆದು, ಮತ್ತೆ ಸೇರಿಸುತ್ತಾ ಚಿಕ್ಕದರಿಂದ ದೊಡ್ಡದಕ್ಕೆ ಸಾಲು ಮಾಡುವ ವಿಧಾನ. ಮೊದಲೇ ಒಂದು ಮಾತು. ಹೆಚ್ಚಿನವರು ಪಟ್ಟಿಯನ್ನು ಒಡೆಯುವ ಕಡೆಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಪುಸ್ತಕದ ಚಿತ್ರದಲ್ಲಿ ಅದು ಮೇಲೆ ಇರುತ್ತದೆ. ಅದೇ ಎಡವಟ್ಟು. ಒಡೆಯುವುದರಲ್ಲಿ ಬುದ್ಧಿ ಖರ್ಚೇ ಇಲ್ಲ, ಇಡೀ ಕೆಲಸ ಇರುವುದು ಸೇರಿಸುವುದರಲ್ಲಿ. ಹಾಗಾಗಿ ನಾವು ಕೆಳಗಿನಿಂದ ಮೇಲೆ ಹೋಗೋಣ.

1. ಏನೇನು ಬೇಕು

ಪೈಥಾನ್ ಹಾಕಿರುವ ಒಂದು ಕಂಪ್ಯೂಟರ್. ಅದು ಆಮೇಲೆ. ಈಗ ಎಂಟು ಕಾಗದದ ತುಂಡು, ಒಂದು ಪೆನ್ನು ಸಾಕು. ಲೂಪ್, ಇಫ್, ಫಂಕ್ಷನ್, ಲಿಸ್ಟ್, ಇಷ್ಟು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಲಿಸ್ಟನ್ನು ಇಲ್ಲಿ ಪಟ್ಟಿ ಅಂತ ಕರೆಯುತ್ತೇನೆ.

ತುಂಡುಗಳನ್ನು ಅಡಿಕೆ ಮಾರಿದ ಚೀಟಿ ಅಂದುಕೊಳ್ಳಿ. ಒಂದೊಂದರಲ್ಲಿ ಕಿಲೋ ಲೆಕ್ಕ ಇದೆ. ಮಾರಿದ ದಿನದ ಕ್ರಮದಲ್ಲಿ ಹೀಗೆ ಇಡಿ:

42, 17, 8, 35, 17, 29, 4, 51

17 ಎರಡು ಸಲ ಬಂದಿರುವುದು ಕೈತಪ್ಪಲ್ಲ, ಬೇಕೆಂದೇ ಹಾಕಿದ್ದು. ಎರಡನೆಯ ಚೀಟಿಯ 17ರ ಪಕ್ಕ ಒಂದು ಚುಕ್ಕೆ ಇಡಿ. ಐದನೆಯದಕ್ಕೆ ಎರಡು ಚುಕ್ಕೆ. ಮುಂದೆ ಉಪಯೋಗಕ್ಕೆ ಬರುತ್ತದೆ.

ಇಲ್ಲೊಂದು ಪದದ ಗೊಂದಲ ತೆಗೆದುಹಾಕಬೇಕು. ಸಾರ್ಟಿಂಗ್ ಎಂಬುದಕ್ಕೆ ಕನ್ನಡದಲ್ಲಿ ವಿಂಗಡಣೆ ಅಂತ ಬರೆಯುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ವಿಂಗಡಿಸುವುದು ಅಂದರೆ ಸುಲಿದ ಅಡಿಕೆಯನ್ನು ಹೆರಕಿ ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ ಹಾಕುವುದು, ಅಲ್ವಾ? ಅದು ಗುಂಪು ಮಾಡುವ ಕೆಲಸ. ಇಲ್ಲಿ ನಮಗೆ ಬೇಕಾಗಿರುವುದು ಗುಂಪಲ್ಲ, ಸಾಲು: ಚಿಕ್ಕದರಿಂದ ದೊಡ್ಡದಕ್ಕೆ. ಹಾಗಾಗಿ ನನ್ನ ಫಂಕ್ಷನಿಗೆ 'ವಿಂಗಡಿಸು' ಎಂಬ ಹೆಸರು ಬೇಡ, 'ಜೋಡಿಸು' ಎಂದಿಡುತ್ತೇನೆ. ಎರಡು ಸಾಲನ್ನು ಒಂದು ಮಾಡುವುದಕ್ಕೆ 'ಬೆಸೆ'.

2. ಕೈಯಲ್ಲಿ ಬೆಸೆದು ನೋಡಿ

ಎಂಟನ್ನೂ ಸದ್ಯಕ್ಕೆ ಮರೆಯಿರಿ. ಮೊದಲ ನಾಲ್ಕು ಚೀಟಿಯನ್ನು ಯಾರೋ ಆಗಲೇ ಸಾಲಾಗಿ ಇಟ್ಟುಕೊಟ್ಟಿದ್ದಾರೆ ಅಂದುಕೊಳ್ಳಿ: 8, 17, 35, 42. ಉಳಿದ ನಾಲ್ಕನ್ನೂ ಹಾಗೆಯೇ: 4, 17, 29, 51. ಒಂದು ಸಾಲು ಎಡಗೈ ಕಡೆ, ಒಂದು ಬಲಗೈ ಕಡೆ. ಎರಡರ ಮೊದಲ ಚೀಟಿಯ ಮೇಲೂ ಒಂದೊಂದು ಬೆರಳು ಇಡಿ.

ಈಗ ನಿಯಮ ಒಂದೇ. ಬೆರಳಿನ ಕೆಳಗಿರುವ ಎರಡು ಚೀಟಿಯಲ್ಲಿ ಚಿಕ್ಕದನ್ನು ಹೊಸ ಸಾಲಿಗೆ ಹಾಕಿ, ಆ ಬೆರಳನ್ನು ಒಂದು ಮುಂದೆ ಸರಿಸಿ. ಎರಡೂ ಸಮ ಇದ್ದರೆ ಎಡದ್ದನ್ನೇ ತೆಗೆಯಿರಿ.

8 ಮತ್ತು 4: 4 ಹೋಯಿತು.
8 ಮತ್ತು 17: 8 ಹೋಯಿತು.
17 ಮತ್ತು 17: ಸಮ, ಎಡದ 17 ಹೋಯಿತು.
35 ಮತ್ತು 17: ಬಲದ 17.
35 ಮತ್ತು 29: 29.
35 ಮತ್ತು 51: 35.
42 ಮತ್ತು 51: 42.

ಎಡದ ಸಾಲು ಖಾಲಿ. ಬಲದಲ್ಲಿ 51 ಒಂದೇ ಉಳಿಯಿತು. ಅದನ್ನು ಯಾವುದರ ಜೊತೆಗೂ ಹೋಲಿಸಬೇಕಾಗಿಲ್ಲ, ಹಾಗೇ ಕೊನೆಗೆ ಸೇರಿಸಿ.

4, 8, 17, 17, 29, 35, 42, 51.

ಏಳೇ ಹೋಲಿಕೆ. ಎಲ್ಲೂ ಹಿಂದೆ ತಿರುಗಿ ನೋಡಲಿಲ್ಲ, ಬೆರಳು ಹಿಂದಕ್ಕೆ ಬರಲೇ ಇಲ್ಲ. ಎರಡೂ ಕಡೆ ಮೊದಲೇ ಸಾಲಾಗಿ ಇದ್ದುದರಿಂದ ಬೆರಳಿನ ಕೆಳಗೆ ಇರುವುದೇ ಆ ಕಡೆಯ ಅತಿ ಚಿಕ್ಕದು ಎಂಬ ಭರವಸೆ ಇತ್ತು. ಮರ್ಜ್ ಸಾರ್ಟಿನ ಗುಟ್ಟು ಇಷ್ಟೇ. ಇದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ, ಕಾಗದದಲ್ಲಿ ಎರಡು ಸಲ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದ ಹೊತ್ತಿಗೆ ಒಳ್ಳೆಯ ಕೆಲಸ.

3. ಬೆಸೆಯುವುದನ್ನು ಕೋಡಿನಲ್ಲಿ ಬರೆಯಿರಿ

ಕೋಡಿನ ಸಾಲುಗಳನ್ನು ಕನ್ನಡದಲ್ಲೇ ಕೊಡುತ್ತೇನೆ. ಕೀಲಿಪದಗಳನ್ನು ನೀವು ಪೈಥಾನಿಗೆ ಬದಲಿಸಿಕೊಳ್ಳಿ: 'ಫಂಕ್ಷನ್' ಎಂದಿರುವಲ್ಲಿ ಡೆಫ್, 'ಇರುವವರೆಗೆ' ಅಂದರೆ ವೈಲ್, 'ಮತ್ತು' ಅಂದರೆ ಆ್ಯಂಡ್, 'ಆದರೆ' ಅಂದರೆ ಇಫ್, 'ಇಲ್ಲವಾದರೆ' ಅಂದರೆ ಎಲ್ಸ್, 'ಕೊಡು' ಅಂದರೆ ರಿಟರ್ನ್, 'ಉದ್ದ' ಅಂದರೆ ಲೆನ್, 'ಹಾಕು' ಅಂದರೆ ಅಪೆಂಡ್.

ಫಂಕ್ಷನ್ ಬೆಸೆ(ಎಡ, ಬಲ):
    ಹೊಸತು = []
    ಎ = 0
    ಬ = 0
    ಎ < ಉದ್ದ(ಎಡ) ಮತ್ತು ಬ < ಉದ್ದ(ಬಲ) ಇರುವವರೆಗೆ:
        ಎಡ[ಎ] <= ಬಲ[ಬ] ಆದರೆ:
            ಹೊಸತು.ಹಾಕು(ಎಡ[ಎ])
            ಎ = ಎ + 1
        ಇಲ್ಲವಾದರೆ:
            ಹೊಸತು.ಹಾಕು(ಬಲ[ಬ])
            ಬ = ಬ + 1
    ಕೊಡು ಹೊಸತು + ಎಡ[ಎ:] + ಬಲ[ಬ:]

'ಎ' ಎಡದ ಬೆರಳು, 'ಬ' ಬಲದ ಬೆರಳು. ಇವಕ್ಕೇ ಇಂಡೆಕ್ಸ್ ಅನ್ನುವುದು. ಎಣಿಕೆ 0ಯಿಂದ ಶುರು. ಕೊನೆಯ ಸಾಲಿನ 'ಎಡ[ಎ:]' ಅಂದರೆ ಎಡಬೆರಳು ಇರುವಲ್ಲಿಂದ ಕೊನೆಯವರೆಗೆ ಉಳಿದದ್ದೆಲ್ಲ. ಎರಡರಲ್ಲಿ ಒಂದು ಹೇಗೂ ಖಾಲಿ ಇರುತ್ತದೆ. ಖಾಲಿ ಪಟ್ಟಿ ಸೇರಿಸಿದರೆ ನಷ್ಟ ಏನೂ ಇಲ್ಲ, ಹಾಗಾಗಿ ಯಾವುದು ಖಾಲಿ ಎಂದು ಕೇಳುತ್ತಾ ಕೂರಬೇಕಾಗಿಲ್ಲ.

ಕೆಲವರು ಬೆರಳಿನ ರಗಳೆ ಬೇಡ ಅಂತ ಪಟ್ಟಿಯ ಮುಂದಿನಿಂದ ಒಂದೊಂದೇ ಚೀಟಿ ಕಿತ್ತು ತೆಗೆಯುತ್ತಾರೆ, ಪಾಪ್ ಬಳಸಿ. ಉತ್ತರ ಸರಿಯೇ ಬರುತ್ತದೆ. ಆದರೆ ಪೈಥಾನಿನಲ್ಲಿ ಮುಂದಿನದ್ದನ್ನು ಕಿತ್ತಾಗ ಹಿಂದಿರುವುದೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯಬೇಕು. ಪಟ್ಟಿ ದೊಡ್ಡದಾದಷ್ಟೂ ತಳ್ಳಾಟ ಜಾಸ್ತಿ. ಬೆರಳೇ ವಾಸಿ.

ಮುಂದೆ ಹೋಗುವ ಮೊದಲು ಬೆಸೆಯನ್ನು ಮಾತ್ರ ಓಡಿಸಿ ನೋಡಿ. ಮೇಲಿನ ಎರಡು ಸಾಲು ಕೊಡಿ. ಆಮೇಲೆ ಎಡಕ್ಕೆ ಖಾಲಿ ಪಟ್ಟಿ, ಬಲಕ್ಕೆ ಒಂದೇ ಅಂಕಿ ಕೊಡಿ. ಇದು ಸರಿ ಇಲ್ಲದೆ ನಾಲ್ಕನೆಯ ಹಂತಕ್ಕೆ ಹೋದರೆ ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲಿ ಒಂದು ಸಂಜೆ ಹೋಗುತ್ತದೆ.

ಕನ್ನಡದಲ್ಲಿ ಹೆಸರಿಡಲಿಕ್ಕೆ ಆಗುತ್ತದೆಯೇ ಎಂದು ಕೇಳುತ್ತೀರಿ. ಆಗುತ್ತದೆ. ಪೈಥಾನ್ 3ರಲ್ಲಿ ವೇರಿಯೇಬಲ್, ಫಂಕ್ಷನ್ ಹೆಸರು ಕನ್ನಡದಲ್ಲೇ ಇರಬಹುದು. ಕೀಲಿಪದ ಮಾತ್ರ ಇಂಗ್ಲಿಷೇ ಆಗಬೇಕು. ಒಂದು ಹೊಂಡ ಇದೆ, ನೋಡಿಕೊಳ್ಳಿ. 'ಸಾಫ್ಟ್‌ವೇರ್' ಎಂದು ಟೈಪ್ ಮಾಡುವಾಗ ವ ಒತ್ತಕ್ಷರ ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತೇವೆ. ಕೆಲವು ಕೀಬೋರ್ಡ್ ಅದನ್ನು ತಾನಾಗಿಯೇ ಹಾಕುತ್ತದೆ. ಹೆಸರಿನಲ್ಲಿ ಅದು ಸೇರಿಕೊಂಡರೆ ಪೈಥಾನ್ ಒಪ್ಪುವುದಿಲ್ಲ. ನಿಮಗೆ ಕಾಣುವುದೂ ಇಲ್ಲ. ಸಣ್ಣ, ಸರಳ ಹೆಸರು ಇಟ್ಟರೆ ಈ ತಾಪತ್ರಯ ಇಲ್ಲ.

4. ಈಗ ಒಡೆಯಿರಿ

ಎರಡನೆಯ ಹಂತದಲ್ಲಿ 'ಯಾರೋ ಸಾಲಾಗಿ ಇಟ್ಟುಕೊಟ್ಟಿದ್ದಾರೆ' ಅಂದೆವು. ಆ ಯಾರೋ ಯಾರು? ನಾವೇ. ನಮ್ಮದೇ ಫಂಕ್ಷನ್. ನಾಲ್ಕು ಚೀಟಿ ಸಾಲು ಮಾಡಲು ಎರಡೆರಡರ ಸಾಲು ಬೇಕು. ಎರಡರ ಸಾಲಿಗೆ ಒಂದೊಂದರ ಸಾಲು ಬೇಕು. ಒಂದೇ ಚೀಟಿ ಇದ್ದರೆ? ಅದು ಹುಟ್ಟಿನಿಂದಲೇ ಸಾಲು. ಮಾಡಲು ಏನೂ ಇಲ್ಲ.

ಫಂಕ್ಷನ್ ಜೋಡಿಸು(ಪಟ್ಟಿ):
    ಉದ್ದ(ಪಟ್ಟಿ) <= 1 ಆದರೆ:
        ಕೊಡು ಪಟ್ಟಿ
    ನಡು = ಉದ್ದ(ಪಟ್ಟಿ) // 2
    ಎಡ = ಜೋಡಿಸು(ಪಟ್ಟಿ[:ನಡು])
    ಬಲ = ಜೋಡಿಸು(ಪಟ್ಟಿ[ನಡು:])
    ಕೊಡು ಬೆಸೆ(ಎಡ, ಬಲ)

ಹೆಸರಿನ ಸಾಲು ಬಿಟ್ಟರೆ ಆರೇ ಸಾಲು. ಫಂಕ್ಷನ್ ತನ್ನ ಒಳಗೆ ತನ್ನನ್ನೇ ಕರೆಯುವುದಕ್ಕೆ ರಿಕರ್ಶನ್ ಅನ್ನುತ್ತಾರೆ. ಎಲ್ಲಿ ಕರೆಯುವುದನ್ನು ನಿಲ್ಲಿಸಬೇಕೋ ಅದು ಬೇಸ್ ಕೇಸ್. ಇಲ್ಲಿ ಮೊದಲ ಎರಡು ಸಾಲು. ಎರಡು ಓರೆಗೆರೆ ಅಂದರೆ ಶೇಷ ಬಿಟ್ಟು ಭಾಗಿಸು: 7 // 2 ಅಂದರೆ 3. ಏಳು ಚೀಟಿ ಇದ್ದರೆ ಎಡಕ್ಕೆ 3, ಬಲಕ್ಕೆ 4. ಸರಿಸಮ ಆಗಬೇಕೆಂದೇನೂ ಇಲ್ಲ.

ರಿಕರ್ಶನ್ ಬಂದಾಗ ತಲೆಯೊಳಗೆ ಇಡೀ ಮರ ಬಿಡಿಸಲು ಹೋಗಬೇಡಿ. ಎಂಟು ಚೀಟಿಗೇ ಈ ಫಂಕ್ಷನ್ 15 ಸಲ ಕರೆಯಲ್ಪಡುತ್ತದೆ. ಎಲ್ಲವನ್ನೂ ನೆನಪಿನಲ್ಲಿ ಹಿಡಿಯಲು ಹೊರಟರೆ ಯಾರಿಗೂ ತಲೆ ತಿರುಗುತ್ತದೆ. ಹೀಗೆ ನೋಡಿ: ಅರ್ಧ ಚೀಟಿಯನ್ನು ತಮ್ಮನಿಗೆ, ಅರ್ಧವನ್ನು ತಂಗಿಗೆ ಕೊಟ್ಟಿರಿ. 'ಸಾಲಾಗಿ ಇಟ್ಟು ತಾ' ಎಂದಿರಿ. ಅವರು ಅದನ್ನು ಮತ್ತೆ ಯಾರಿಗೆ ಹಂಚಿದರು ಎಂದು ನೀವು ಕೇಳಬೇಕಾಗಿಲ್ಲ. ಸಾಲಾಗಿ ಬರುತ್ತದೆ ಎಂದು ನಂಬಿ, ಬಂದದ್ದನ್ನು ಬೆಸೆದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಇದನ್ನೇ ಡಿವೈಡ್ ಅಂಡ್ ಕಾಂಕರ್ ಅನ್ನುವುದು. ಒಡೆದು ಗೆಲ್ಲುವುದು.

ನಿಜವಾಗಿ ಒಳಗೆ ನಡೆಯುವುದು ಇಷ್ಟು. ಮೊದಲು 42 ಮತ್ತು 17 ಬೆಸೆದು 17, 42. ಆಮೇಲೆ 8, 35. ಇವೆರಡೂ ಸೇರಿ 8, 17, 35, 42. ಎಡಭಾಗ ಪೂರ್ತಿ ಮುಗಿದ ಮೇಲೆಯೇ ಬಲಕ್ಕೆ ಕೈ ಹಾಕುವುದು: 17, 29. ಆಮೇಲೆ 4, 51. ಸೇರಿ 4, 17, 29, 51. ಕೊನೆಗೆ ಎರಡನೆಯ ಹಂತದಲ್ಲಿ ನೀವೇ ಮಾಡಿದ ಬೆಸುಗೆ. ಒಟ್ಟು ಹೋಲಿಕೆ 4 + 6 + 7, ಅಂದರೆ 17.

5. ತಪ್ಪು ಉತ್ತರ ಬಂತೇ? ಉತ್ತರವೇ ಹೇಳುತ್ತದೆ

ನನಗೆ ಫೋನಿನಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಸುತ್ತಿ ಸುತ್ತಿ ಕೆಲವೇ ತಪ್ಪುಗಳು. ಇದೇ ಎಂಟು ಅಂಕಿ ಕೊಟ್ಟಾಗ ಏನು ಬಂತು ಎಂದು ನೋಡಿದರೆ ಕೋಡ್ ನೋಡದೆಯೇ ಹೇಳಬಹುದು.

ಬರೀ 4 ಬಂತು, ಉಳಿದ ಏಳು ಮಾಯ. ಬೆಸೆಯ ಕೊನೆಯಲ್ಲಿ ಉಳಿದದ್ದನ್ನು ಸೇರಿಸಿಲ್ಲ. ಒಂದೊಂದು ಬೆಸುಗೆಯಲ್ಲೂ ಉಳಿದ ಚೀಟಿ ಬಿದ್ದುಹೋಗಿ, ಕೊನೆಗೆ ಎಲ್ಲಕ್ಕಿಂತ ಚಿಕ್ಕದೊಂದೇ ಕೈಗೆ ಬಂದಿದೆ.

17, 29, 4, 42, 17, 8, 35, 51 ಬಂತು. ಎಂಟೂ ಇದೆ, ಆದರೆ ಅಡ್ಡಾದಿಡ್ಡಿ. ನೀವು ಮೊದಲು ತುಂಡು ಮಾಡಿ ಎಡ, ಬಲ ಎಂದು ಹೆಸರಿಟ್ಟುಕೊಂಡು, ಆಮೇಲೆ 'ಎಡ = ಜೋಡಿಸು(ಎಡ)' ಎನ್ನುವ ಬದಲು ಬರೀ 'ಜೋಡಿಸು(ಎಡ)' ಎಂದು ಬರೆದಿದ್ದೀರಿ, ಬಲಕ್ಕೂ ಹಾಗೆಯೇ. ತಮ್ಮ ಸಾಲು ಮಾಡಿ ತಂದ, ನೀವು ಕೈ ಚಾಚಲಿಲ್ಲ. ಹಳೆಯ ರಾಶಿಯನ್ನೇ ಬೆಸೆದಿರಿ. ಅತಿ ಹೆಚ್ಚು ಜನ ಬೀಳುವ ಗುಂಡಿ ಇದೇ.

17, 17, 29, 35, 4, 42, 51, 8 ಬಂತು. ಇದು ಸಾರ್ಟಿನ ತಪ್ಪೇ ಅಲ್ಲ. ಇನ್‌ಪುಟ್ ಕೊಟ್ಟದ್ದು ಅಂಕಿಯಾಗಿ ಬಂದಿಲ್ಲ, ಅಕ್ಷರವಾಗಿ ಬಂದಿದೆ. ಅಕ್ಷರದ ಲೆಕ್ಕದಲ್ಲಿ 8 ಎಂಬುದು 51ಕ್ಕಿಂತ ದೊಡ್ಡದು, ಯಾಕೆಂದರೆ ಮೊದಲ ಅಕ್ಷರ ಮಾತ್ರ ನೋಡಿ ತೀರ್ಮಾನ ಆಗಿಹೋಗುತ್ತದೆ. ಪ್ರತಿಯೊಂದನ್ನೂ ಇಂಟ್ ಫಂಕ್ಷನಿಗೆ ಕೊಟ್ಟು ಅಂಕಿ ಮಾಡಿಕೊಳ್ಳಿ. ಅಂದಹಾಗೆ, ಪೈಥಾನಿನ ಇಂಟ್ ಕನ್ನಡ ಅಂಕಿಯನ್ನೂ ಓದುತ್ತದೆ: ೪೨ ಎಂಬ ಅಕ್ಷರ ಕೊಟ್ಟರೆ 42 ಎಂಬ ಸಂಖ್ಯೆ ಸಿಗುತ್ತದೆ.

ಉತ್ತರದ ಬದಲು ರಿಕರ್ಶನ್ ಎರರ್ ಬಂತು. ಪೈಥಾನ್ ಸಾಮಾನ್ಯವಾಗಿ ಸುಮಾರು 1000 ಆಳದವರೆಗೆ ಮಾತ್ರ ಫಂಕ್ಷನಿನೊಳಗೆ ಫಂಕ್ಷನ್ ಕರೆಯಲು ಬಿಡುತ್ತದೆ. ಆ ಮಿತಿಯನ್ನು ಏರಿಸಿದರೆ ಸರಿಯಾಗುತ್ತದೆ ಎಂದು ಕೆಲವರು ಅದಕ್ಕೇ ಕೈ ಹಾಕುತ್ತಾರೆ. ಬೇಡ. ಹತ್ತು ಲಕ್ಷ ಅಂಕಿ ಇದ್ದರೂ ಮರ್ಜ್ ಸಾರ್ಟಿನ ಆಳ 20ರ ಆಸುಪಾಸು. ಮಿತಿ ಮುಟ್ಟಿತು ಅಂದರೆ ಬೇಸ್ ಕೇಸ್ ಕೆಟ್ಟಿದೆ ಅಂತಲೇ ಅರ್ಥ. ಉದ್ದ 0 ಆದಾಗ ಮಾತ್ರ ನಿಲ್ಲು ಎಂದು ಬರೆದರೆ ಒಂದೇ ಚೀಟಿಯ ಪಟ್ಟಿ 'ಖಾಲಿ' ಮತ್ತು 'ಅದೇ ಒಂದು' ಎಂದು ಒಡೆಯುತ್ತಲೇ ಇರುತ್ತದೆ. 1 ಆದಾಗ ಮಾತ್ರ ಎಂದು ಬರೆದರೆ ಖಾಲಿ ಪಟ್ಟಿ ಕೊಟ್ಟ ದಿನ ಕೈಕೊಡುತ್ತದೆ. '<= 1' ಎಂದರೆ ಎರಡೂ ಆಯಿತು.

ಬಲಭಾಗಕ್ಕೆ 'ಪಟ್ಟಿ[ನಡು + 1:]' ಎಂದು ಬರೆದರೂ ಚೀಟಿ ಕಾಣೆಯಾಗುತ್ತದೆ. ಎಡದ ತುಂಡು ನಡುವಿನ ಹಿಂದಿನವರೆಗೆ ಮಾತ್ರ ಹೋಗುತ್ತದೆ. ಬಲದ್ದು ನಡುವಿನಿಂದಲೇ ಶುರುವಾಗಬೇಕು.

ಇನ್ನು ಸಿ ಅಥವಾ ಜಾವಾದಲ್ಲಿ ಬರೆಯುವವರಿಗೆ ಒಂದು ಮಾತು. ಅಲ್ಲಿ ತುಂಡು ಮಾಡುವ ಬದಲು ಮೊದಲು, ಕೊನೆ ಎಂಬ ಎರಡು ಇಂಡೆಕ್ಸ್ ಇಟ್ಟುಕೊಂಡು ನಡು ಹುಡುಕುತ್ತಾರೆ. '(ಮೊದಲು + ಕೊನೆ) / 2' ಎಂದು ಬರೆಯಬೇಡಿ. ಪಟ್ಟಿ ತುಂಬ ದೊಡ್ಡದಾದರೆ ಕೂಡಿದ ಮೊತ್ತ ಇಂಟ್ ಹಿಡಿಯುವಷ್ಟನ್ನು ಮೀರಿ ಋಣ ಸಂಖ್ಯೆ ಆಗಿಬಿಡುತ್ತದೆ. 'ಮೊದಲು + (ಕೊನೆ - ಮೊದಲು) / 2' ಸುರಕ್ಷಿತ. ಇದು ಹೊಸಬರ ತಪ್ಪು ಮಾತ್ರ ಅಲ್ಲ. ಜಾವಾದ ಸ್ವಂತ ಲೈಬ್ರರಿಯ ಬೈನರಿ ಸರ್ಚ್‌ನಲ್ಲೇ (ಸಾಲಾಗಿರುವ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಫಂಕ್ಷನ್) ವರ್ಷಗಟ್ಟಲೆ ಇದ್ದು, 2006ರಲ್ಲಿ ಬಯಲಿಗೆ ಬಂದದ್ದು.

6. ಆ ಎರಡು 17ರ ಕತೆ

ಚುಕ್ಕೆ ಇಟ್ಟ ಚೀಟಿ ಈಗ ನೋಡಿ. ಒಂದು ಚುಕ್ಕೆಯ 17 ಮೊದಲು, ಎರಡು ಚುಕ್ಕೆಯದ್ದು ಆಮೇಲೆ ಬಂದಿದೆ. ಮಾರಿದ ದಿನದ ಕ್ರಮ ಕೆಟ್ಟಿಲ್ಲ. ಸಮ ಇರುವವುಗಳ ಹಳೆಯ ಕ್ರಮ ಉಳಿಸುವ ಗುಣಕ್ಕೆ ಸ್ಟೇಬಲ್ ಅನ್ನುತ್ತಾರೆ. ಅದು ಉಳಿದದ್ದು '<=' ಎಂಬ ಒಂದು ಗುರುತಿನಿಂದ. ಅಲ್ಲಿ '<' ಹಾಕಿದರೆ ಸಮ ಬಂದಾಗ ಬಲದ್ದು ಮುಂದೆ ನುಗ್ಗುತ್ತದೆ. ಬರೀ ಅಂಕಿಯಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಪರೀಕ್ಷೆಯಲ್ಲಿ ಪೂರ್ತಿ ಮಾರ್ಕೂ ಸಿಗಬಹುದು. ಆದರೆ ಹೆಸರಿನ ಕ್ರಮದಲ್ಲಿದ್ದ ಕ್ಲಾಸಿನ ಪಟ್ಟಿಯನ್ನು ಮಾರ್ಕಿನ ಪ್ರಕಾರ ಜೋಡಿಸಿ ನೋಡಿ. ಒಂದೇ ಮಾರ್ಕಿನವರ ಹೆಸರು ತಲೆಕೆಳಗಾದಾಗ ಗೊತ್ತಾಗುತ್ತದೆ.

7. ಇಷ್ಟೆಲ್ಲ ಯಾಕೆ

ಎಂಟು ಚೀಟಿಗೆ ಖಂಡಿತ ಬೇಡ. ಇಡೀ ರಾಶಿಯಲ್ಲಿ ಚಿಕ್ಕದನ್ನು ಹುಡುಕಿ ಮುಂದಿಡುವ ಸೆಲೆಕ್ಷನ್ ಸಾರ್ಟ್ ಆದರೆ 28 ಹೋಲಿಕೆ, ನಮ್ಮದು 17. ದೊಡ್ಡ ವ್ಯತ್ಯಾಸ ಏನಿಲ್ಲ. 1000 ಚೀಟಿ ಆದರೆ ಅದಕ್ಕೆ 4,99,500 ಹೋಲಿಕೆ. ಮರ್ಜ್ ಸಾರ್ಟಿಗೆ 10,000ದ ಒಳಗೆ. ಯಾಕೆಂದರೆ 1000ವನ್ನು ಅರ್ಧ ಮಾಡುತ್ತಾ ಹೋದರೆ ಹತ್ತೇ ಸಲದಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದೊಂದು ಮಟ್ಟದಲ್ಲಿ ಹೆಚ್ಚೆಂದರೆ ಸಾವಿರ ಹೋಲಿಕೆ. ಪುಸ್ತಕದಲ್ಲಿ ಎನ್ ಲಾಗ್ ಎನ್ ಎಂದು ಬರೆದಿರುವುದು ಇದನ್ನೇ: ಎನ್ ಅಂದರೆ ಚೀಟಿಯ ಲೆಕ್ಕ, ಲಾಗ್ ಎನ್ ಅಂದರೆ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಲೆಕ್ಕ. ಹತ್ತು ಲಕ್ಷಕ್ಕೆ ಏರಿದರೆ ಸುಮಾರು 2 ಕೋಟಿ ಒಂದು ಕಡೆ, ಸುಮಾರು 50,000 ಕೋಟಿ ಇನ್ನೊಂದು ಕಡೆ.

ಬದಲಿಗೆ ಕೊಡುವ ಬೆಲೆ ಜಾಗ. ಬೆಸೆಯುವಾಗ ಹೊಸ ಪಟ್ಟಿ ಬೇಕು, ಹಾಗಾಗಿ ಮೆಮೊರಿ ಜಾಸ್ತಿ ಹೋಗುತ್ತದೆ.

ಈ ಮರ್ಜ್ ಸಾರ್ಟಿನ ಉಪಾಯ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1945ರಲ್ಲಿ ಹೊಳೆಯಿಸಿಕೊಂಡದ್ದು. ಪೈಥಾನಿನ ಒಳಗೇ ಇರುವ ಸಾರ್ಟೆಡ್ ಫಂಕ್ಷನ್ ಕೂಡ ಇದೇ ವಂಶದ್ದು. 2002ರಲ್ಲಿ ಟಿಮ್ ಪೀಟರ್ಸ್ ಬರೆದದ್ದರಿಂದ ಟಿಮ್‌ಸಾರ್ಟ್ ಎಂದು ಹೆಸರು. ಮೊದಲೇ ಸಾಲಾಗಿರುವ ತುಂಡುಗಳನ್ನು ಅದು ಪತ್ತೆಹಚ್ಚಿ ಹಾಗೇ ಬಳಸಿಕೊಳ್ಳುತ್ತದೆ, ಸಣ್ಣ ತುಂಡಿಗೆ ಇನ್ಸರ್ಷನ್ ಸಾರ್ಟ್ (ಒಂದೊಂದನ್ನೇ ಅದರದರ ಜಾಗಕ್ಕೆ ತೂರಿಸುವುದು) ಮಾಡುತ್ತದೆ, ಆಮೇಲೆ ಬೆಸೆಯುತ್ತದೆ. ನಿಜವಾದ ಕೆಲಸಕ್ಕೆ ಅದನ್ನೇ ಬಳಸಿ. ನಿಮ್ಮ ಜೋಡಿಸು ಕಲಿಯಲಿಕ್ಕೆ. ನಿಮ್ಮ ಉತ್ತರ ಸರಿಯೇ ಎಂದು ನೋಡಲಿಕ್ಕೂ ಸಾರ್ಟೆಡ್ ಒಳ್ಳೆಯದು: ಒಂದೇ ಪಟ್ಟಿ ಎರಡಕ್ಕೂ ಕೊಟ್ಟು, ಬಂದದ್ದು ಒಂದೇ ಆಗಿದೆಯೇ ನೋಡಿ. ಖಾಲಿ ಪಟ್ಟಿ, ಒಂದೇ ಅಂಕಿ, ಎಲ್ಲ ಒಂದೇ ಅಂಕಿ, ತಲೆಕೆಳಗಾದ ಸಾಲು, ಈ ನಾಲ್ಕನ್ನು ಬಿಡಬೇಡಿ.

8. ಕನ್ನಡ ಹೆಸರು ಜೋಡಿಸುವಾಗ

ಇದು ಪುಸ್ತಕದಲ್ಲಿ ಇರುವುದಿಲ್ಲ, ಆದರೆ ನಮಗೆ ಬೇಕು. ಊರಿನ ಹೆಸರುಗಳ ಪಟ್ಟಿ ಕೊಟ್ಟು ನೋಡಿ: ಕಸಬಾ, ಕಳನಾಡು. ಅಕಾರಾದಿಯಲ್ಲಿ ಕಸಬಾ ಮೊದಲು ಬರಬೇಕು. ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದಮೇಲೆಯೇ ಳ ಅಲ್ವಾ? ಆದರೆ ಕಂಪ್ಯೂಟರ್ ಕಳನಾಡನ್ನು ಮುಂದೆ ತರುತ್ತದೆ. ನಿಮ್ಮ ಬೆಸೆ ಕೆಟ್ಟಿಲ್ಲ. ಅದು ಹೋಲಿಸುವುದು ಯೂನಿಕೋಡ್ ಸಂಖ್ಯೆಯನ್ನು, ಅಂದರೆ ಪ್ರತಿ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಇರುವ ನಂಬರನ್ನು. ಅಲ್ಲಿ ಳ 3251, ವ 3253, ಹ 3257. ಳ ಹೋಗಿ ಲ ಪಕ್ಕ ಕೂತಿದೆ.

ಸರಿಪಡಿಸುವುದು ಸುಲಭ. ಹ ಆದ ಕೂಡಲೇ 3258 ಎಂಬ ನಂಬರಿನಲ್ಲಿ ಯಾವ ಅಕ್ಷರವೂ ಇಲ್ಲ, ಖಾಲಿ ಜಾಗ. ಹೋಲಿಸುವಾಗ ಮಾತ್ರ ಳ ಇರುವಲ್ಲೆಲ್ಲ ಆ ಖಾಲಿ ನಂಬರ್ ಹಾಕಿಕೊಳ್ಳಿ:

ಫಂಕ್ಷನ್ ಕೀಲಿ(ಹೆಸರು):
    ಕೊಡು ಹೆಸರು.ಬದಲಿಸು("ಳ", ಅಕ್ಷರ(3258))

'ಬದಲಿಸು' ಪೈಥಾನಿನ ರಿಪ್ಲೇಸ್. 'ಅಕ್ಷರ' ಎಂದಿರುವಲ್ಲಿ ನಂಬರ್ ಕೊಟ್ಟರೆ ಅಕ್ಷರ ಕೊಡುವ ಫಂಕ್ಷನ್, ಅದನ್ನು ಸಿ ಎಚ್ ಆರ್ ಎಂದು ಬರೆಯುತ್ತಾರೆ. ಆಮೇಲೆ ಬೆಸೆಯಲ್ಲಿ ಒಂದೇ ಒಂದು ಸಾಲು ತಿದ್ದಿ:

        ಕೀಲಿ(ಎಡ[ಎ]) <= ಕೀಲಿ(ಬಲ[ಬ]) ಆದರೆ:

ಹೊಸ ಪಟ್ಟಿಗೆ ಹಾಕುವುದು ಮೂಲ ಹೆಸರನ್ನೇ, ಕೀಲಿಯನ್ನಲ್ಲ. ಈಗ ಓಡಿಸಿದರೆ ಕಸಬಾ ಮೊದಲು, ಕಳನಾಡು ಆಮೇಲೆ.